ಫರ್ಸಿ ಖಣಿಯಲ್ಲಿ ಐದಾಳು ನೀರು

ಮೊದಲ ಸಲ ಖಣಿಯ ತಳ ಮುಟ್ಟಿದಾಗ ನನಗೆ ನನ್ನ ಕೈಯೇ ಕಾಣಲಿಲ್ಲ. ಚಹಾದ ಗ್ಲಾಸಿಗೆ ಬಿದ್ದ ನೊಣದ ಹಾಗೆ ಆಗಿತ್ತು ನನ್ನ ಪರಿಸ್ಥಿತಿ. ಒಂದು ನಿಮಿಷದ ಹಿಂದೆ ಅದೇ ನೀರು ತಿಳಿಯಾಗಿತ್ತು. ಕಲಕಿದವನು ನಾನೇ. ಸೊಂಟಕ್ಕೆ ಎರಡು ಕೆ.ಜಿ. ಸೀಸ ಜಾಸ್ತಿ ಕಟ್ಟಿಕೊಂಡಿದ್ದೆ.

ಡೈವಿಂಗ್ ಕಲಿತದ್ದು ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪದ ಹತ್ತಿರ. ಓಪನ್ ವಾಟರ್ ಸರ್ಟಿಫಿಕೇಟು ಸಿಕ್ಕಿತು, 18 ಮೀಟರ್ ತನಕ ಇಳಿಯಬಹುದು. ಆದರೆ ಕಲಬುರಗಿಯಲ್ಲಿ ಕೂತು ಆ ಕಾರ್ಡಿನಿಂದ ಏನು ಮಾಡುವುದು? ಕರಾವಳಿಗೆ ಒಂದು ರಾತ್ರಿಯ ದಾರಿ. ವರ್ಷಕ್ಕೊಮ್ಮೆ ಹೋದರೆ ದೊಡ್ಡ ಮಾತು. ಬೀದರಿನ ಒಬ್ಬ, ಯಾದಗಿರಿಯ ಒಬ್ಬ, ಇಬ್ಬರು ಗೆಳೆಯರದೂ ಇದೇ ಗೋಳು. ನಮ್ಮ ಮೂವರ ದೋಸ್ತಿ ಆದದ್ದೇ ನೇತ್ರಾಣಿಯ ದೋಣಿಯಲ್ಲಿ. ಅಲೆಗೆ ಎಲ್ಲರ ಹೊಟ್ಟೆ ತೊಳಸುತ್ತಿದ್ದಾಗ ಹಿಂದಿನಿಂದ ಯಾರೋ "ಯಪ್ಪಾ, ವಾಂತಿ ಬರ್ಲಿಕತ್ತದ" ಅಂದರು. ನಮ್ಮ ಕಡೆಯವರು ಅಂತ ಗೊತ್ತಾಗಲು ಅಷ್ಟು ಸಾಕಾಯಿತು.

ನಮ್ಮ ಕಡೆ ನೀರಿಗೆ ಬರ ಇಲ್ಲ. ಇಳಿಯುವಂಥ ನೀರಿಗೆ ಬರ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಆ ಆಸೆ ಅಲ್ಲಿಗೇ ಬಿಟ್ಟೆವು. ಕಾರಂಜಾ, ಬೆಣ್ಣೆತೊರೆಯಂಥ ಅಣೆಕಟ್ಟುಗಳಲ್ಲಿ ಅನುಮತಿಯ ಪ್ರಶ್ನೆ, ಮೇಲೆ ಗೇಟಿನ ಸೆಳೆತದ ಭಯ. ಕೊನೆಗೆ ನೆನಪಾದದ್ದು ಕಾಕಾನ ಹೊಲದ ಫರ್ಸಿ ಖಣಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಗಣಿ. ಶಹಾಬಾದ್ ಮತ್ತು ಚಿತ್ತಾಪುರದ ನಡುವೆ ಇಂಥ ಖಣಿಗಳು ಬೇಕಾದಷ್ಟಿವೆ. ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ಮಳೆ ನೀರು, ಒರತೆ ನೀರು ನಿಂತಿರುತ್ತದೆ. ಚಿಕ್ಕಂದಿನಲ್ಲಿ ನಾವು ಬೆನ್ನಿಗೆ ಟ್ಯೂಬ್ ಕಟ್ಟಿಕೊಂಡು ಈಜು ಕಲಿತದ್ದು ಬಾವಿಯಲ್ಲಿ. ಖಣಿಯ ಹತ್ತಿರ ಹೋದರೆ ಮಾತ್ರ ಬಾಸುಂಡೆ ಬರುವ ಹಾಗೆ ಬೀಳುತ್ತಿದ್ದವು. ಸುಮ್ನೆ ಅಲ್ಲ. ಖಣಿಯ ಗೋಡೆ ನೆಟ್ಟಗೆ ಇರುತ್ತದೆ, ಪಾಚಿಗೆ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಂದ ಹುಡುಗರೂ ಮೇಲೆ ಹತ್ತಲಾಗದೆ ಸುಸ್ತಾಗಿ ಮುಳುಗುತ್ತಾರೆ. ಹಾಗಾಗಿ ನಾವು ಮೊದಲು ಮಾಡಿದ ಕೆಲಸ ಎರಡು ಏಣಿ ಇಳಿಬಿಟ್ಟು ಮೇಲಿನ ಬೇವಿನ ಮರಕ್ಕೆ ಬಿಗಿದದ್ದು.

ಎಳ್ಳ ಅಮಾಸಿ ಮುಗಿದ ಮೇಲಿನ ಶನಿವಾರ, ಭಾನುವಾರ ಗೊತ್ತು ಮಾಡಿದೆವು. ಮಳೆಗಾಲದ ಕೆಸರು ಅಷ್ಟೊತ್ತಿಗೆ ಕೂತಿರುತ್ತದೆ, ಬೇಸಿಗೆಯ ಪಾಚಿ ಇನ್ನೂ ಹುಟ್ಟಿರುವುದಿಲ್ಲ. ಹಿಂದಿನ ವಾರವೇ ಹೋಗಿ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆದೆವು. ಜಾಸ್ತಿ ಅಂದರೆ 9 ಮೀಟರ್. ಆ ಖಣಿಯಲ್ಲಿ ಹರೆಯದಲ್ಲಿ ಕಲ್ಲು ಒಡೆದ ಮುತ್ಯಾ ಒಬ್ಬರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಅಳೀಲಿಕ್ಕಿ ಹಗ್ಗ ಯಾಕ್ ಬೇಕು ತಮ್ಮಾ, ನನ್ನ ಕೇಳ್ರಿ. ಐದಾಳು ಅದ" ಅಂದರು. ಐದು ಆಳಿನ ಎತ್ತರ ಅಂದರೆ ಹೆಚ್ಚುಕಮ್ಮಿ ಅಷ್ಟೇ, ಲೆಕ್ಕ ಸರಿಯಾಗಿತ್ತು. ಬಡಗಣ ಮೂಲೆಯಲ್ಲಿ ಕಲ್ಲು ಹೊರಲು ಮಾಡಿದ್ದ ಮೆಟ್ಟಿಲಿವೆ, ತೆಂಕಣ ಗೋಡೆಯ ಕಡೆ ಜಾಲಿ ಮುಳ್ಳು ಬಿದ್ದಿದೆ, ಅತ್ತ ಹೋಗಬೇಡಿ ಅಂತಲೂ ಹೇಳಿದರು. ಅವರ ಬಾಯಿಂದ ಕೇಳಿ ಕಾಗದದ ಮೇಲೆ ನಕ್ಷೆ ಬರೆದುಕೊಂಡೆವು.

ದೊಡ್ಡ ತಲೆನೋವು ಕಾಕಾನ ಪಂಪು. ಖಣಿಯ ನೀರನ್ನೇ ಅವರು ಜೋಳಕ್ಕೆ ಬಿಡುವುದು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗುವ ಹಾಗೆ ಸ್ಟಾರ್ಟರ್ ಇಟ್ಟಿದ್ದರು. ನೀರೊಳಗೆ ನಾವಿದ್ದಾಗ ಅದು ಎಳೆಯಲು ಶುರು ಮಾಡಿದರೆ? ಅದಕ್ಕೇ ಫ್ಯೂಜ್ ಕಿತ್ತು ಯಾದಗಿರಿಯವನ ಜೇಬಿಗೆ ಹಾಕಿದೆವು. ಎರಡು ದಿನ ಕಾಕಾನ ಮುಖ ದಪ್ಪಗಿತ್ತು.

ಸಿಲಿಂಡರು, ಸೂಟು ಎಲ್ಲ ಹೈದರಾಬಾದಿನಿಂದ ಬಂದವು, ಜೊತೆಗೆ ಕಲಿಸುವವರೂ. ನಾವು ಅವರನ್ನು ಉಸ್ತಾದ್ ಅನ್ನುತ್ತೇವೆ. ಒಂದೊಂದು ಸಿಲಿಂಡರು ತುಂಬಿದಾಗ ಸುಮಾರು 17 ಕೆ.ಜಿ. ಹೊಲದ ಬದುವಿನ ಮೇಲೆ ಹೊತ್ತು ತರುವಾಗ ಊರಿನ ಹುಡುಗರು ಹಿಂದೆ ಬಿದ್ದರು. "ಕಾಕಾ, ಇದು ಕೊರೊನಾದ ಆಕ್ಸಿಜನ್ ಏನ್ರಿ?" ಅಲ್ಲ. ಇದರಲ್ಲಿ ಇರುವುದು ನಾವು ಉಸಿರಾಡುವ ಮಾಮೂಲಿ ಗಾಳಿ. 200 ಬಾರ್ ಒತ್ತಡದಲ್ಲಿ 2,200 ಲೀಟರ್ ಗಾಳಿಯನ್ನು 11 ಲೀಟರಿನ ಡಬ್ಬಿಗೆ ತುರುಕಿದ್ದು. ಹುಡುಗರಿಗೆ ನಿರಾಸೆ ಆಯಿತು.

ಯಾದಗಿರಿಯವನಿಗೆ ತೊಗರಿ ರಾಶಿಯ ಧೂಳಿಗೆ ನೆಗಡಿ ಹಿಡಿದಿತ್ತು. ಮೂಗು ಕಟ್ಟಿದರೆ ಕಿವಿಯ ಒತ್ತಡ ಸರಿಮಾಡಲು ಆಗುವುದಿಲ್ಲ. ಹಟ ಮಾಡಿದರೆ ತಮಟೆ ಹರಿಯಬಹುದು. ಉಸ್ತಾದ್ ಅವನ ಮುಖ ನೋಡಿಯೇ "ನಕ್ಕೋ", ಬೇಡ ಅಂದುಬಿಟ್ಟರು. ಅವನು ದಡದಲ್ಲಿ ಹಗ್ಗ, ಗಡಿಯಾರ, ಆಕ್ಸಿಜನ್ ಕಿಟ್ ಇಟ್ಟುಕೊಂಡು ಕಾವಲು ಕೂತ. ನಮ್ಮ ಮೂವರಲ್ಲಿ ಅಂದು ಕೆಲಸ ನೆಟ್ಟಗೆ ಮಾಡಿದವನು ಅವನೊಬ್ಬನೇ.

ಇಳಿಯುವ ಮೊದಲು ಎತ್ತರದ ಪಾಠ ಆಯಿತು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. 300 ಮೀಟರ್ ದಾಟಿದರೆ ಡೈವಿಂಗ್ ಲೆಕ್ಕವೇ ಬೇರೆ. ಮೇಲಿನ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಸಮುದ್ರಕ್ಕೆಂದು ಮಾಡಿದ ಕೋಷ್ಟಕ ಹಾಗೇ ನಡೆಯುವುದಿಲ್ಲ. ನೀರೊಳಗೆ ಈ ಲೆಕ್ಕ ಇಡುವ ಹೊಸ ಡೈವ್ ಕಂಪ್ಯೂಟರುಗಳು ತಾವೇ ಹೊಂದಿಸಿಕೊಳ್ಳುತ್ತವೆ. ನನ್ನದು ಹಳೆಯದು, ಕೈಯಾರೆ ಸೆಟ್ ಮಾಡಬೇಕಾಯಿತು. 9 ಮೀಟರಿಗೆ ಇಷ್ಟೆಲ್ಲ ಯಾಕೆ ಅಂತ ನನಗೂ ಅನಿಸಿತು. ಆದರೆ 9 ಮೀಟರಿನಿಂದಲೂ ಉಸಿರು ಹಿಡಿದುಕೊಂಡು ಮೇಲೆ ಬಂದರೆ ಎದೆಯೊಳಗಿನ ಗಾಳಿ ಹೆಚ್ಚುಕಮ್ಮಿ ಎರಡು ಪಟ್ಟು ಉಬ್ಬುತ್ತದೆ. ಪುಪ್ಪುಸ ಹರಿಯಲು ಅಷ್ಟು ಸಾಕು.

ಈಗ ಸೀಸದ ಕತೆ. ಉಪ್ಪು ನೀರು ಸಿಹಿ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಅದಕ್ಕೇ ಸಮುದ್ರ ನಮ್ಮನ್ನು ಮೇಲೆ ಎತ್ತುತ್ತದೆ, ಮುಳುಗಲು ಸೀಸ ಜಾಸ್ತಿ ಬೇಕು. ನಾನು, ಸೂಟು, ಸಿಲಿಂಡರು ಎಲ್ಲ ಸೇರಿ ನೂರು ಕೆ.ಜಿ. ಅಂದುಕೊಳ್ಳಿ. ಸಿಹಿ ನೀರಿನಲ್ಲಿ ಎರಡೂವರೆ ಕೆ.ಜಿ. ಸೀಸ ಬಿಚ್ಚಿಡಬೇಕು. ನೇತ್ರಾಣಿಯಲ್ಲಿ ನನಗೆ 7 ಕೆ.ಜಿ. ಇತ್ತು. ಉಸ್ತಾದ್ 5 ಕೊಟ್ಟರು. ನೀರಿಗೆ ಇಳಿದೆ, ಮುಳುಗಲೇ ಇಲ್ಲ. ಬಾಟಲಿಯ ಬಿರಡೆ ಹಾಗೆ ತೇಲುತ್ತಿದ್ದೆ. "ನೋಡ್ರಿ, ಸಾಲ್ತಿಲ್ಲ" ಅಂತ ಹಟ ಹಿಡಿದು ಇನ್ನೆರಡು ಕೆ.ಜಿ. ಏರಿಸಿಕೊಂಡೆ.

ತೇಲಿದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಭಯಕ್ಕೆ ನಾನು ಎದೆ ತುಂಬ ಉಸಿರು ಎಳೆದುಕೊಂಡು ಪೂರಾ ಬಿಡುತ್ತಲೇ ಇರಲಿಲ್ಲ. ಎದೆಯೇ ಟ್ಯೂಬ್ ಆಗಿತ್ತು. ಕೆಳಗೆ ಹೋಗುತ್ತ ಭಯ ಇಳಿಯಿತು, ಉಸಿರು ಸಹಜವಾಯಿತು, ನಾನು ಕಲ್ಲಿನ ಹಾಗೆ ಹೋಗಿ ಕೂತೆ. ಖಣಿಯ ತಳದಲ್ಲಿ ಇರುವುದು ಮರಳಲ್ಲ, ಸುಣ್ಣಕಲ್ಲಿನ ಹಿಟ್ಟು. ಮೈದಾಕ್ಕಿಂತ ನುಣುಪು. ಎದ್ದರೆ ತಾಸುಗಟ್ಟಲೆ ಕೂರುವುದಿಲ್ಲ, ಹರಿದುಹೋಗಲು ಅಲ್ಲಿ ಅಲೆಯೂ ಇಲ್ಲ. ಏಳಬೇಕು ಅಂತ ಕಾಲು ಬಡಿದೆ. ಇನ್ನಷ್ಟು ಎದ್ದಿತು. ಬೀದರಿನವನು ಎರಡು ಮಾರು ದೂರದಲ್ಲಿದ್ದವನು ಮಾಯ.

ಜೋಡಿ ತಪ್ಪಿದರೆ ಒಂದು ನಿಮಿಷ ಹುಡುಕು, ಸಿಗದಿದ್ದರೆ ನಿಧಾನ ಮೇಲೆ ಬಾ. ಕಲಿತದ್ದು ಇಷ್ಟೇ. ಆದರೆ ಆ ಬೂದಿ ಬಣ್ಣದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತಲೇ ತಿಳಿಯಲಿಲ್ಲ. ಬಿಟ್ಟ ಗುಳ್ಳೆ ಕೆನ್ನೆ ಸವರಿ ಕಿವಿಯ ಹಿಂದೆ ಹೋದದ್ದು ಗೊತ್ತಾಯಿತು. ಅದೇ ಮೇಲು ಅಂತ ತಿಳಿದುಕೊಂಡೆ. ಕೈ ಚಾಚಿದಾಗ ನಡುವಿನ ಹಗ್ಗ ಸಿಕ್ಕಿತು. ಒಂದು ಖಾಲಿ ಕ್ಯಾನಿಗೆ ಕಟ್ಟಿ ಇಳಿಬಿಟ್ಟ ಹಗ್ಗ ಅದು. ಬೆಳಿಗ್ಗೆ ಅದನ್ನು ಕಟ್ಟುವಾಗ ಇದೇನು ಚಿಕ್ಕ ಮಕ್ಕಳ ಆಟ ಅಂತ ನಕ್ಕಿದ್ದೆ. ನಿಮಿಷಕ್ಕೆ 9 ಮೀಟರಿಗಿಂತ ಜೋರಾಗಿ ಏರಬಾರದು. ಹಗ್ಗ ಹಿಡಿದು, ಎಣಿಸುತ್ತ ಬಂದೆ. ಬೀದರಿನವನು ಆಗಲೇ ಮೇಲೆ ಬಂದು ನನ್ನನ್ನು ಬೈಯಲು ಕಾಯುತ್ತಿದ್ದ.

ರಾತ್ರಿ ಕಾಕಾನ ಮನೆಯಲ್ಲಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಉಸ್ತಾದ್ ಮೂರು ರೊಟ್ಟಿ ಮುಗಿಸಿ ಶುರು ಮಾಡಿದರು. ಸಮುದ್ರದಲ್ಲಿ ಅಲೆಯನ್ನು ಗೆಲ್ಲಬೇಕು, ಇಲ್ಲಿ ತಳವನ್ನು ಮುಟ್ಟದೆ ಇರಬೇಕು, ಎರಡನೆಯದೇ ಕಷ್ಟ ಅಂದರು. ಕಾಲು ಮೇಲೆ ಕೆಳಗೆ ಬಡಿಯಬೇಡ, ಕಪ್ಪೆಯ ಹಾಗೆ ಅಗಲಿಸಿ ಹಿಂದಕ್ಕೆ ತಳ್ಳು. ಬಾವಿಯಲ್ಲಿ ಈಜಿದವರಿಗೆ ಇದನ್ನು ಹೇಳಿಕೊಡಬೇಕಾ? ಸಮುದ್ರದ ಚಟಕ್ಕೆ ನಾನು ಮರೆತೇಬಿಟ್ಟಿದ್ದೆ. ಅಂಗಳದ ಹಾಸುಗಲ್ಲಿನ ಮೇಲೆ ಬೋರಲು ಮಲಗಿಸಿ ಕಾಲಿನ ಅಭ್ಯಾಸ ಮಾಡಿಸಿದರು. ಕಾಕೂ ಒಳಗಿನಿಂದ ಬಂದು ನೋಡಿ, ಸೆರಗು ಬಾಯಿಗೆ ಇಟ್ಟುಕೊಂಡು ವಾಪಸು ಹೋದರು.

ಭಾನುವಾರ 5 ಕೆ.ಜಿ. ಈ ಸಲ ತೂಕ ನೋಡುವಾಗ ಮೈ ಸಡಿಲ ಬಿಟ್ಟೆ. ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಬಿಟ್ಟಾಗ ನಿಧಾನ ಇಳಿಯಬೇಕು. ಹಾಗೇ ಆಯಿತು. ಇನ್ನೂ ಕಡಿಮೆ ಮಾಡಲಾ ಅಂದರೆ ಉಸ್ತಾದ್ ಬೇಡ ಅಂದರು. ಗಾಳಿಗೂ ತೂಕ ಇದೆ. ಸಿಲಿಂಡರು 200 ಬಾರಿನಿಂದ 50ಕ್ಕೆ ಇಳಿಯುವಷ್ಟರಲ್ಲಿ ಎರಡು ಕೆ.ಜಿ. ಹಗುರಾಗುತ್ತದೆ. ಕೊನೆಯಲ್ಲಿ ಹತೋಟಿ ತಪ್ಪಿ ತೇಲಿಬಿಡಬಾರದು ಅಲ್ವಾ.

ರಾತ್ರಿಯೆಲ್ಲ ಕೆಸರು ಕೂತು ನಾಲ್ಕೈದು ಮೀಟರ್ ಕಾಣುತ್ತಿತ್ತು. ಮೇಲೆ 23 ಡಿಗ್ರಿ, ಕೆಳಗೆ 21. ತಳಕ್ಕಿಂತ ಒಂದು ಮೀಟರ್ ಮೇಲೆ ನಿಂತೆವು. ಆಗ ಗೋಡೆ ಕಾಣಿಸಿತು. ಪದರದ ಮೇಲೆ ಪದರ, ರೊಟ್ಟಿ ಪೇರಿಸಿಟ್ಟ ಹಾಗೆ. ಶಹಾಬಾದ್ ಕಲ್ಲು ಅಂದರೆ ಕೋಟಿಗಟ್ಟಲೆ ವರ್ಷದ ಹಿಂದೆ ಇಲ್ಲಿದ್ದ ಸಮುದ್ರದ ತಳ. ಅದು ಗಟ್ಟಿಯಾಗಿ ಕಲ್ಲಾದದ್ದು. ಪದರ ಇರುವುದರಿಂದಲೇ ಸಪಾಟಾಗಿ ಏಳುತ್ತದೆ, ನಮ್ಮ ಮನೆಗಳ ನೆಲಕ್ಕೆ ಬರುತ್ತದೆ. ಸಮುದ್ರ ಸಿಗಲಿಲ್ಲ ಅಂತ ಇಲ್ಲಿಗೆ ಬಂದರೆ ಇದೂ ಸಮುದ್ರವೇ! ಉಳಿಯ ಗೆರೆಗಳು ಇನ್ನೂ ಚೂಪಾಗಿದ್ದವು. ಮೆಟ್ಟಿಲ ಮೇಲೆ ಬೆರಳಿನಷ್ಟು ಮೀನುಗಳು ಸಾಲಾಗಿ ನಿಂತಿದ್ದವು. ಬುಡದಲ್ಲಿ ಒಂದು ದೊಡ್ಡ ಹಾಸುಗಲ್ಲು, ನಾಲ್ಕೂ ಕಡೆ ಕಡಿದು ಎಬ್ಬಿಸಿ, ಮೇಲೆ ಒಯ್ಯದೆ ಬಿಟ್ಟದ್ದು. ಬೀದರಿನವನು ಫೋಟೊ ತೆಗೆದ. 38 ನಿಮಿಷ ಇದ್ದು, 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದೆವು. ನಿಂತ ನೀರಾದ್ದರಿಂದ ಕಿವಿಯನ್ನು ಕುಡಿಯುವ ನೀರಿನಿಂದ ತೊಳೆದುಕೊಂಡೆವು.

ಫ್ಯೂಜ್ ಕಾಕಾನ ಕೈಗೆ ಕೊಟ್ಟು ಮುತ್ಯಾರ ಹತ್ತಿರ ಹೋದೆ. ಕೆಳಗೆ ಒಂದು ಹಾಸುಗಲ್ಲು ಹಾಗೇ ಉಳಿದಿದೆ ಅಂದೆ.

"ಮೆಟ್ಟಲ ಬುಡಕ್ಕ ಅದ ಏನು?"

"ಹೌದ್ರಿ ಮುತ್ಯಾ."

"ಎತ್ತಾಗ ಮೂಲಿ ಒಡೀತು. ಅದಕ್ಕ ಬಿಟ್ಟೆವು. ಆ ದಿವಸದ ಪಗಾರ ಕೊಡ್ಲಿಲ್ಲ ನಮಗ."

ಫೋಟೊ ದೊಡ್ಡದು ಮಾಡಿ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಎಡಗಡೆಯ ಮೂಲೆ ಒಡೆದಿತ್ತು.