ಮನೆ ಅಂದ್ರೆ ಯಾವ ಮನೆ?

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಹಿಂದೆಯೇ ಟವರೂ ಮಲಗುತ್ತದೆ. ಇದು ಗೊತ್ತಿದ್ದೂ ನಾನು ಮೊದಲು ಮಾಡಿಕೊಟ್ಟದ್ದು ಸದಾ ನೆಟ್‌ವರ್ಕ್ ಕೇಳುವ ಆ್ಯಪ್. ಆದಿವಾಸಿಗಳ ಹಾಡಿಗಳಿಗೂ ಕಾಫಿ ತೋಟದಲ್ಲಿ ಕೆಲಸದವರು ಇರುವ ಲೈನ್ ಮನೆಗಳಿಗೂ ಹೋಗಿ ಬಿಪಿ, ಶುಗರ್ ನೋಡುವ ಪುಟ್ಟ ತಂಡ ನಮ್ಮದು. ಎರಡೇ ವಾರದಲ್ಲಿ ಎಲ್ಲರೂ ನೋಟ್‌ಬುಕ್ಕಿಗೆ ವಾಪಸ್.

ಆಮೇಲೆ ಕಮ್ಯುನಿಟಿ ಹೆಲ್ತ್ ಟೂಲ್‌ಕಿಟ್ ಹಿಡಿದೆ; ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಆ್ಯಪ್ ಕಟ್ಟಲು ಇರುವ ಮುಕ್ತ ತಂತ್ರಾಂಶ ಅದು. ಒಂದೇ ಸಲದ ಸರ್ವೆಗಾದರೆ ಫೋನಿನಲ್ಲಿ ಫಾರ್ಮ್ ತುಂಬುವ ಒಡಿಕೆ (ODK) ಎಂಬ ಇನ್ನೊಂದು ತಂತ್ರಾಂಶ ಸಲೀಸು; ನಮಗೆ ಬೇಕಿದ್ದದ್ದು ಅದೇ ಮನುಷ್ಯನನ್ನು ತಿಂಗಳು ಕಳೆದು ಮತ್ತೆ ಹುಡುಕಿಕೊಂಡು ಹೋಗುವುದು. ಟೂಲ್‌ಕಿಟ್ಟಿನಲ್ಲಿ ದಾಖಲೆ ಇಡಲು ಎರಡು ಡೇಟಾಬೇಸ್: ಫೋನಿನೊಳಗೇ ಪೌಚ್‌ಡಿಬಿ, ಸರ್ವರಿನಲ್ಲಿ ಕೌಚ್‌ಡಿಬಿ. ನೆಟ್‌ವರ್ಕ್ ಸಿಕ್ಕಾಗ ಸಿಂಕ್, ಅಂದರೆ ಎರಡೂ ಕಡೆಯ ದಾಖಲೆ ಒಂದಾಗುತ್ತದೆ. ಫಾರ್ಮನ್ನು ಎಕ್ಸೆಲ್ ಶೀಟಿನಲ್ಲೇ ಬರೆಯಬಹುದು. 140 ಒತ್ತಲು ಹೋಗಿ 1400 ಒತ್ತಿದರೆ ಮುಂದೆ ಬಿಡದಿರಲು ಅಲ್ಲೇ ಒಂದು ಸಾಲು ಸಾಕು. ಬಿಪಿ ಜಾಸ್ತಿ ಇದ್ದವರ ಹೆಸರು 30 ದಿನಕ್ಕೆ ‘ಹೋಗಿ ನೋಡಿ’ ಪಟ್ಟಿಯಲ್ಲಿ ತಾನಾಗೇ ಬರುವಂತೆಯೂ ಮಾಡಿದೆ. ಅಷ್ಟಕ್ಕೇ ಬೀಗಿದ್ದೆ.

ಟೂಲ್‌ಕಿಟ್ಟಿನ ಲೆಕ್ಕದಲ್ಲಿ ಊರಿನೊಳಗೆ ಮನೆ, ಮನೆಯೊಳಗೆ ಮನುಷ್ಯ. ನಮ್ಮ ತಂಡದ ಅಕ್ಕ ಒಬ್ಬರು ಮೊದಲ ದಿನವೇ ಕೇಳಿದರು: “ಸರ್, ಮನೆ ಅಂದ್ರೆ ಯಾವ ಮನೆ ಹಾಕ್ಲಿ? ಮಳೇಲಿ ಹಾಡಿ, ಕಾಫಿ ಕೊಯ್ಲಲ್ಲಿ ಲೈನ್ ಮನೆ. ಮುಂದಿನ ವರ್ಷ ಬೇರೆ ತೋಟ.” ಯಾವುದಾದರೂ ಒಂದು ಹಾಕಿ ಎಂದೆ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾಯಿತು ನೋಡಿ, ಪಟ್ಟಿ ಹಿಡಿದು ಹಾಡಿಗೆ ಹೋದರೆ ಗುಡಿಸಲಿಗೆ ಬೀಗ. ಅತ್ತ ತೋಟದಲ್ಲಿ ಅದೇ ಜನ ಹೊಸಬರಾಗಿ ಇನ್ನೊಮ್ಮೆ ನೋಂದಣಿ.

ಜನರನ್ನು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸಲು ಟೂಲ್‌ಕಿಟ್ಟಿನಲ್ಲೇ ಒಂದು ಕಮಾಂಡ್ ಇದೆ, ಮೂವ್-ಕಾಂಟ್ಯಾಕ್ಟ್ಸ್. ರಾತ್ರಿ ಕೂತು ಓಡಿಸಿದೆ. ಎರಡು ದಿನ ಬಿಟ್ಟು ನೋಡುತ್ತೇನೆ, ಒಬ್ಬ ಅಜ್ಜಿ ಮತ್ತೆ ಹಳೇ ಮನೆಯಲ್ಲಿ! ನಾನು ದಾಟಿಸುವ ಮೊದಲೇ ಅಕ್ಕ ಆಫ್‌ಲೈನ್‌ನಲ್ಲಿ ಆ ಅಜ್ಜಿಯ ವಯಸ್ಸು ತಿದ್ದಿದ್ದರು, ಸಿಂಕ್ ಆಗಿರಲಿಲ್ಲ. ಒಂದೇ ದಾಖಲೆಗೆ ಎರಡು ತಿದ್ದುಪಡಿ ಬಂದರೆ ಕೌಚ್‌ಡಿಬಿ ಒಂದನ್ನು ಗೆಲ್ಲಿಸುತ್ತದೆ. ಸೋತದ್ದನ್ನು ಅಳಿಸುವುದಿಲ್ಲ, ಆದರೆ ತೋರಿಸುವುದೂ ಇಲ್ಲ. ಅಜ್ಜಿಯ ವಿಷಯದಲ್ಲಿ ಸೋತದ್ದು ನನ್ನ ತಿದ್ದುಪಡಿ.

ಈಗ ಕೊಯ್ಲಿಗೆ ಮುಂಚೆ ಒಂದು ಸಂತೆ ದಿನ ಎಲ್ಲರೂ ಪೇಟೆಯಲ್ಲಿ ಸೇರುತ್ತೇವೆ. ಒಬ್ಬೊಬ್ಬರ ಫೋನೂ ಸಿಂಕ್ ಆದದ್ದನ್ನು ಕಣ್ಣಾರೆ ನೋಡಿ, ಚಹಾ ಕುಡಿದು, ಆಮೇಲೆ ನಾನು ಕಮಾಂಡ್ ಓಡಿಸುತ್ತೇನೆ. ಯಾರು ಯಾವ ತೋಟಕ್ಕೆ ಹೋಗುತ್ತಾರೆಂಬ ಪಟ್ಟಿ ಮಾತ್ರ ಇವತ್ತಿಗೂ ಅಕ್ಕನ ನೋಟ್‌ಬುಕ್ಕಿನಿಂದಲೇ ಬರಬೇಕು.