ಟುಟು ಹೊಲಿಯುತ್ತಾ ನಾನು ಕಲಿತದ್ದು

ಟುಟು ಅಂದ ತಕ್ಷಣ ಕಣ್ಣಿಗೆ ಬರುವುದು ಬ್ಯಾಲೆ ನರ್ತಕಿಯ ಸೊಂಟದ ಸುತ್ತ ತಟ್ಟೆಯ ಹಾಗೆ ನಿಂತ ಬಿಳಿ ನೆಟ್. ಹೊಲಿಯುವವರಿಗೆ ಮಾತ್ರ ಕೆಲಸ ಶುರುವಾಗುವುದು ಚಡ್ಡಿಯಿಂದ. ನೆಟ್ಟಿನ ಪದರಗಳೆಲ್ಲ ಕೂರುವುದು ಅದರ ಮೇಲೆಯೇ. ಸೊಂಟಕ್ಕೂ ಪದರಗಳಿಗೂ ನಡುವೆ ಬಾಸ್ಕ್ ಎಂಬ ಅಗಲವಾದ ಪಟ್ಟಿ ಬರುತ್ತದೆ. ಅದು ಮೈಗೆ ಬಿಗಿಯಾಗಿ ಹಿಡಿದುಕೊಂಡಿರಬೇಕು. ಒಂಚೂರು ಸಡಿಲವಾದರೂ ಇಡೀ ಲಂಗ ಒಂದು ಕಡೆ ವಾಲುತ್ತದೆ.

ನಾನು ಹೊಲಿಗೆ ಕಲಿತದ್ದು ಮೈಸೂರಿನಲ್ಲಿ. ರವಿಕೆ, ಲಂಗ, ಮಕ್ಕಳ ಫ್ರಾಕು ಹೊಲಿಯುತ್ತಿದ್ದೆ. ಲಂಡನ್ನಿಗೆ ಬಂದ ಮೇಲೆ ರಂಗದ ಉಡುಪು ಹೊಲಿಯುವ ಒಂದು ವರ್ಕ್‌ಶಾಪ್ ಸೇರಿದೆ. ರವಿಕೆ ಹೊಲಿದು ಪಳಗಿದ ಕೈಗೆ ಟುಟುವಿನ ಬಾಡಿಸ್, ಅಂದರೆ ಮೈಗೆ ಬಿಗಿಯಾದ ಮೇಲ್ಭಾಗ, ಹೊಸದೇನೂ ಅನಿಸಲಿಲ್ಲ. ಹಿಂದೆ ಹುಕ್, ಒಳಗೆ ಗಟ್ಟಿ ಲೈನಿಂಗ್, ಉಸಿರಾಡಲು ಜಾಗ ಬಿಟ್ಟ ಬಿಗಿ. ಜಿಪ್ ಹಾಕುವುದಿಲ್ಲ. ಆಟದ ನಡುವೆ ಜಿಪ್ ಕೈಕೊಟ್ಟರೆ ಏನೂ ಮಾಡಲಾಗದು, ಹುಕ್ ಒಂದು ಕಿತ್ತರೂ ಉಳಿದವು ಹಿಡಿದಿರುತ್ತವೆ. ಹುಕ್ ಸಿಕ್ಕಿಸುವ ಸಾಲು ಎರಡು ಮೂರು ಇಡುತ್ತೇವೆ. ಒಂದೇ ಟುಟುವನ್ನು ಬೇರೆ ಬೇರೆ ನರ್ತಕಿಯರು ಹಾಕಿಕೊಳ್ಳುತ್ತಾರಲ್ವಾ. ಸೊಂಟದ ಅಕ್ಕಪಕ್ಕ ಮಣಿ, ಕಲ್ಲು ಹಚ್ಚುವುದಿಲ್ಲ. ಎತ್ತಿ ಹಿಡಿಯುವ ಜೊತೆಗಾರನ ಕೈ ತರಚಿಬಿಡುತ್ತದೆ.

ನನಗೆ ನಿಜವಾಗಿ ಹೊಸದಾಗಿದ್ದು ನೆಟ್ಟಿನ ಕೆಲಸ. ಸಾಮಾನ್ಯವಾಗಿ 10ರಿಂದ 12 ಪದರ. ತೊಡೆಯ ಹತ್ತಿರದ ಪದರ ಒಂದೆರಡು ಇಂಚು ಅಗಲ ಇದ್ದರೆ ಸಾಕು. ಮೇಲೆ ಹೋದ ಹಾಗೆ ಅಗಲ ಹೆಚ್ಚುತ್ತಾ ಹೋಗುತ್ತದೆ. ಕೆಳಗಿನವಕ್ಕೆ ಗಟ್ಟಿ ನೆಟ್, ಮೇಲಿನವಕ್ಕೆ ಟ್ಯೂಲ್ ಎಂಬ ಮೆತ್ತನೆಯ ನೆಟ್. ಮೀಟರುಗಟ್ಟಲೆ ಪಟ್ಟಿಯನ್ನು ನೆರಿಗೆ ಹಿಡಿದು ಗೇಣಗಲದ ಜಾಗದಲ್ಲಿ ಕೂರಿಸಬೇಕು. ಮಷೀನಿನ ಕೆಲಸ ಮುಗಿದರೂ ಲಂಗ ಇನ್ನೂ ಕೆದರಿದ ಹಾಗೇ ಇರುತ್ತದೆ. ಅದಕ್ಕೆ ರೂಪ ಬರುವುದು ಕೈಹೊಲಿಗೆಯಿಂದ. ಪದರಗಳನ್ನು ಒಂದರ ಮೇಲೊಂದು ಸರಿಯಾಗಿ ಇಟ್ಟು, ಸೂಜಿಯನ್ನು ಕೆಳಗಿನವರೆಗೂ ಹಾಯಿಸಿ, ದಾರವನ್ನು ಸಡಿಲ ಬಿಟ್ಟು ಗಂಟು ಹಾಕುತ್ತೇನೆ. ಎಳೆದು ಬಿಗಿದರೆ ಪದರಗಳು ಒಂದಕ್ಕೊಂದು ಅಂಟಿಕೊಂಡು ಲಂಗ ಸತ್ತ ಹಾಗೆ ಕಾಣುತ್ತದೆ. ಜಾಸ್ತಿ ಸಡಿಲವಾದರೆ ನರ್ತಕಿ ತಿರುಗುವಾಗ ಪದರಗಳು ಚೆದುರುತ್ತವೆ. ಎಷ್ಟು ಸಡಿಲ ಬಿಡಬೇಕು ಅನ್ನುವುದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಬೆರಳೇ ಕಲಿಯಿತು. ತೀರಾ ಚಪ್ಪಟೆಯಾಗಿ ನಿಲ್ಲಬೇಕಾದ ಟುಟುವಿಗೆ ನಡುವಿನ ಒಂದು ಪದರದಲ್ಲಿ ಸಣ್ಣ ಉಕ್ಕಿನ ತಂತಿಯನ್ನೂ ತೂರಿಸುತ್ತೇವೆ.

ಈ ಆಕಾರ ಯಾರೋ ಅಂದಕ್ಕೆಂದು ಸುಮ್ನೆ ಬರೆದು ಕೊಟ್ಟದ್ದಲ್ಲ. ಕಾಲು ಏನು ಮಾಡಲು ಕಲಿಯಿತೋ ಅದನ್ನು ನೋಡಿ ಬಟ್ಟೆ ಮೇಲೆ ಸರಿಯುತ್ತಾ ಬಂತು. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಮಾರಿ ಕಾಮಾರ್ಗೊ ಎಂಬ ನರ್ತಕಿ ತನ್ನ ಪಾದದ ಚುರುಕು ಜನರಿಗೆ ಕಾಣಲೆಂದು ಲಂಗವನ್ನು ಕಣಕಾಲಿನಿಂದ ಸ್ವಲ್ಪ ಮೇಲಕ್ಕೆತ್ತಿದಳು. 1832ರ ಮಾರ್ಚಿನಲ್ಲಿ ಪ್ಯಾರಿಸ್ ಒಪೆರಾದಲ್ಲಿ ಮಾರಿ ತಾಲ್ಯೋನಿ ‘ಲಾ ಸಿಲ್ಫೀಡ್’ ಆಡಿದಾಗ ಗಂಟೆಯಾಕಾರದ ಬಿಳಿ ಲಂಗ ಮೀನಖಂಡದವರೆಗೆ ಬಂದಿತ್ತು. ಬೆರಳ ತುದಿಯ ಮೇಲೆ ನಿಂತು ಆಡುವುದು ಕಾಣಬೇಕಿತ್ತು. 1880ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ಇಟಲಿಯ ವರ್ಜೀನಿಯಾ ಜುಕ್ಕಿ ಇನ್ನೂ ಗಿಡ್ಡ ಲಂಗವೇ ಬೇಕೆಂದು ಹಟ ಹಿಡಿದಳು. 1895ರಲ್ಲಿ ಪಿಯರಿನಾ ಲೆನ್ಯಾನಿ ‘ಸ್ವಾನ್ ಲೇಕ್’ನಲ್ಲಿ ಒಂದೇ ಕಾಲಿನ ಮೇಲೆ 32 ಸುತ್ತು ಸುತ್ತಿದಳು. ಉದ್ದ ಲಂಗದಲ್ಲಿ ಅದು ಯಾರಿಗೆ ಕಾಣುತ್ತಿತ್ತು?

ಈ ಚರಿತ್ರೆಯಲ್ಲಿ ನನ್ನನ್ನು ತುಂಬಾ ಕಾಡುವವಳು ಎಮ್ಮಾ ಲಿವ್ರಿ. ತಾಲ್ಯೋನಿಯ ಶಿಷ್ಯೆ. ಆಗ ಗ್ಯಾಸ್ ದೀಪಗಳ ಕಾಲ, ಲಂಗಗಳು ಗಂಜಿ ಹಾಕಿದ ತೆಳು ಹತ್ತಿಯವು. ಬಟ್ಟೆಗೆ ಬೆಂಕಿ ಹತ್ತದಂತೆ ಅದ್ದುವ ಒಂದು ದ್ರಾವಣ ಇತ್ತು. ಅದರಲ್ಲಿ ಅದ್ದಿದರೆ ಬಟ್ಟೆ ಪೆಡಸಾಗಿ ಬಿಳುಪು ಕೆಡುತ್ತದೆ ಎಂದು ಅವಳು ಒಪ್ಪಲಿಲ್ಲ. 1862ರ ನವೆಂಬರಿನ ತಾಲೀಮಿನಲ್ಲಿ ಲಂಗಕ್ಕೆ ದೀಪ ತಗುಲಿತು. ತಿಂಗಳುಗಟ್ಟಲೆ ನರಳಿ ಮುಂದಿನ ಜುಲೈನಲ್ಲಿ ತೀರಿಕೊಂಡಳು. ಅವಳಿಗೆ ಆಗ 20 ವರ್ಷ. ಆ ಉಡುಪಿನ ಸುಟ್ಟ ಚೂರುಗಳು ಪ್ಯಾರಿಸ್ ಒಪೆರಾದ ಸಂಗ್ರಹದಲ್ಲಿವೆ. ಲಂಗ ಹಗುರವಾಗಿ ತೇಲಬೇಕು ಎಂದು ಆ ಹುಡುಗಿ ಹಂಬಲಿಸಿದ್ದು ಯಾಕೆ ಅಂತ ನೆಟ್ ಹಿಡಿದು ಕೂತಾಗ ನನಗೆ ಅರ್ಥವಾಗುತ್ತದೆ. ಅದಕ್ಕೇ ಸಂಕಟ ಜಾಸ್ತಿ.

ಹೊಲಿಗೆಯವಳಾಗಿ ನಾನು ಗುರುವೆಂದು ನೆನೆಯುವುದು ಬಾರ್ಬರಾ ಕರಿನ್ಸ್ಕಾಳನ್ನು. ತಂತಿ ಇರುವ ಟುಟು ತೊಟ್ಟವರು ಒತ್ತಾಗಿ ನಿಂತರೆ ಒಬ್ಬರ ಲಂಗ ಇನ್ನೊಬ್ಬರದಕ್ಕೆ ತಾಗಿ ಎಲ್ಲವೂ ಓಲಾಡುತ್ತವೆ. 1950ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆಗೆ, ನೃತ್ಯ ಸಂಯೋಜಕ ಬಾಲನ್ಶೀನರ ‘ಸಿಂಫನಿ ಇನ್ ಸಿ’ಗಾಗಿ, ಕರಿನ್ಸ್ಕಾ ತಂತಿಯನ್ನೇ ತೆಗೆದಳು. ಪದರ ಕಡಿಮೆ ಮಾಡಿ, ಲಂಗ ಗಿಡ್ಡ ಮಾಡಿ, ಪದರಗಳು ಒಂದನ್ನೊಂದು ತಾವೇ ಎತ್ತಿ ಹಿಡಿಯುವಂತೆ ಜೋಡಿಸಿದಳು. ಬಾಡಿಸಿನ ಕೆಲವು ತುಂಡುಗಳನ್ನು ಬಟ್ಟೆಯ ಓರೆಗೆ ಕತ್ತರಿಸಿದ್ದೂ ಅವಳೇ. ಓರೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಹಾಗಾಗಿ ಪಕ್ಕೆಲುಬು ಅರಳಿದರೂ ಹೊಲಿಗೆ ಕಿತ್ತು ಬರುವುದಿಲ್ಲ. ರವಿಕೆ ಹೊಲಿಯುವವರೂ ಇದನ್ನು ಒಮ್ಮೆ ಮಾಡಿ ನೋಡಬೇಕು.

ಇನ್ನು ಫ್ಯಾಷನ್. 1947ರಲ್ಲಿ ಕ್ರಿಸ್ಟಿಯನ್ ಡಿಯೋರ್ ಸಣ್ಣ ಸೊಂಟ, ಅಗಲ ಲಂಗದ ‘ನ್ಯೂ ಲುಕ್’ ತಂದಾಗ ಅದರ ಹಿಂದೆ ಬ್ಯಾಲೆಯ ನೆರಳು ಇತ್ತು ಎಂದೇ ನನ್ನ ಎಣಿಕೆ. ಬ್ರಿಟನ್ನಿನ ಬ್ಯಾಲೆ ನರ್ತಕಿ ಮಾರ್ಗೊ ಫೊಂಟೈನ್ ವೇದಿಕೆಯ ಮೇಲೆ ಟುಟು, ಹೊರಗೆ ಡಿಯೋರ್ ತೊಡುತ್ತಿದ್ದಳು. ಯುದ್ಧಕಾಲದ ಅಮೆರಿಕದಲ್ಲಿ ಶೂಗಳಿಗೆ ರೇಷನ್ ಇತ್ತು, ಬ್ಯಾಲೆ ಚಪ್ಪಲಿಗೆ ಇರಲಿಲ್ಲ. ಉಡುಪು ವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ ತನ್ನ ಉಡುಪುಗಳಿಗೆ ಅವನ್ನೇ ಜೋಡಿ ಮಾಡಿದಳು. ನಮ್ಮ ಅಂಗಡಿಗಳಲ್ಲಿ ಬೆಲ್ಲಿ ಅಂತ ಮಾರುವ ಚಪ್ಪಟೆ ಶೂ ಇದೇ ವಂಶದ್ದು. 1998ರಲ್ಲಿ ಶುರುವಾದ ‘ಸೆಕ್ಸ್ ಅಂಡ್ ದಿ ಸಿಟಿ’ ಧಾರಾವಾಹಿಯ ಶೀರ್ಷಿಕೆ ದೃಶ್ಯದ ಬಿಳಿ ಲಂಗವನ್ನು ಅದರ ಉಡುಪು ವಿನ್ಯಾಸಕಿ ಪೆಟ್ರಿಷಿಯಾ ಫೀಲ್ಡ್ 5 ಡಾಲರಿಗೆ ಆರಿಸಿದ್ದು. ಅಲ್ಲಿಂದ ಟ್ಯೂಲ್ ಲಂಗ ರಸ್ತೆಗೂ ಬಂತು.

ಹೊರಗಿನವರು ತೆಗೆದುಕೊಂಡದ್ದು ನೊರೆಯಂಥ ನೋಟವನ್ನು ಮಾತ್ರ. ಒಳಗಿನ ರಚನೆಯನ್ನು ಬಿಟ್ಟುಬಿಟ್ಟರು. ಅದಕ್ಕೇ ಅಂಗಡಿಯ ನೆಟ್ ಫ್ರಾಕು ಸಂಜೆಯೊಳಗೆ ಜೋತುಬೀಳುತ್ತದೆ, ಮಕ್ಕಳು ಚುಚ್ಚುತ್ತೆ ಅಂತ ಅಳುತ್ತವೆ. ಹುಟ್ಟುಹಬ್ಬಕ್ಕೆ ಫ್ರಾಕು ಹೊಲಿಯುವವರಿಗೆ ನಾನು ಹೇಳುವುದು ಇಷ್ಟು. ಲೆಹೆಂಗಾ ಒಳಗೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟನ್ನು ಕೆಳಗಿನ ಪದರಕ್ಕೆ ಬಳಸಿ, ಮೇಲೆ ಮೆತ್ತನೆಯದು ಹಾಕಿ. ನೆರಿಗೆಯನ್ನು ನೇರ ಸೊಂಟಕ್ಕೆ ಹೊಲಿಯಬೇಡಿ. ಎರಡು ಮೂರು ಇಂಚಿನ ಹತ್ತಿ ಪಟ್ಟಿ ಕೊಟ್ಟು ಅದರ ಕೆಳಗಿನಿಂದ ಶುರು ಮಾಡಿ. ಒಳಗೆ ಹತ್ತಿ ಲೈನಿಂಗ್ ಬರಲಿ. ನೆಟ್ಟಿನ ಕತ್ತರಿಸಿದ ಅಂಚು ಚರ್ಮಕ್ಕೆ ತಾಗದಂತೆ ಮಡಚಿ ಪಟ್ಟಿಯೊಳಗೇ ಮುಚ್ಚಿಬಿಡಿ.