ಇಬ್ಬರು ಹಿರಿಯ ನಟರು, ಒಂದೇ ಕುರ್ಚಿ

ನಾನು ಮಾಡಿಸಿದ ನಾಟಕದ ಕಥೆ ಸರಳ. ಜೋಡಿಯಾಗಿ ಹೆಸರು ಮಾಡಿದ ಇಬ್ಬರು ಹಾಸ್ಯ ನಟರು ತಮ್ಮ ಕೊನೆಯ ಪ್ರದರ್ಶನಕ್ಕೆ ಮುಂಚೆ ಗ್ರೀನ್ ರೂಮಿನಲ್ಲಿ ಕೂತು ಜಗಳವಾಡ್ತಾರೆ. ಪಾತ್ರ ಮಾಡಿದವರಲ್ಲಿ ಒಬ್ಬರಿಗೆ 74, ಇನ್ನೊಬ್ಬರಿಗೆ 71. ನೀವೂ ಇಂಥ ನಾಟಕ ಕೈಗೆತ್ತಿಕೊಂಡಿದ್ದರೆ ಮೊದಲ ದಿನವೇ ಅವರಿಗೊಂದು ಮಾತು ಹೇಳಿ: ಮುದುಕರ ಥರ ನಟಿಸಬೇಡಿ.

ಬೆನ್ನು ಬಗ್ಗಿಸೋದು, ಕೈ ನಡುಗಿಸೋದು, ಸುಮ್ನೆ ಕೆಮ್ಮೋದು ಯಾವುದೂ ಬೇಡ. ಎಪ್ಪತ್ತು ದಾಟಿದವರು ರಂಗದ ಮೇಲೆ ಬಂದು ನಿಂತರೆ ವಯಸ್ಸು ತಾನಾಗಿಯೇ ಕಾಣುತ್ತದೆ. ನಗು ಹುಟ್ಟೋದು ಅವರ ಹಠದಿಂದ. ಹಾಗಾಗಿ ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇವರಿಗೆ ಈಗ ಏನು ಬೇಕು?

ನಮ್ಮ ಗ್ರೀನ್ ರೂಮಿನಲ್ಲಿ ಕನ್ನಡಿ ಎದುರು ಒಂದೇ ಕುರ್ಚಿ ಇತ್ತು. ದೊಡ್ಡವರು ಎದ್ದು ಬಾಗಿಲ ತನಕ ಹೋಗಿ ಬರುವಷ್ಟರಲ್ಲಿ ಚಿಕ್ಕವರು ಅದರಲ್ಲಿ ಕೂತಿರ್ತಾರೆ. ಅಲ್ಲಿ ನಾಲ್ಕು ಸಾಲು ಬೈಗುಳವಿತ್ತು. ಒಂದು ದಿನ ತಾಲೀಮಿನಲ್ಲಿ ದೊಡ್ಡವರು ಏನೂ ಮಾತಾಡದೆ ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ತಮ್ಮ ಟವೆಲ್ ತೆಗೆದರು. ನಿಧಾನವಾಗಿ ಮಡಚಿದರು. ಕೂತವರ ತಲೆ ಮೇಲಿಟ್ಟು, ಅವರ ಹಿಂದೆ ನಿಂತು ಕನ್ನಡಿ ನೋಡಿಕೊಂಡು ಪೌಡರ್ ಹಚ್ಚತೊಡಗಿದರು. ಕೂತವರು ಕತ್ತು ಅಲ್ಲಾಡಿಸಲಿಲ್ಲ. ಆ ನಾಲ್ಕೂ ಸಾಲು ಅವತ್ತೇ ತೆಗೆದುಹಾಕಿದೆ. ಹಿರಿಯರಿಗೆ ಹೀಗೆ ಹುಡುಕೋಕೆ ಸಮಯ ಕೊಡಿ, ಮಧ್ಯೆ ಬಾಯಿ ಹಾಕಬೇಡಿ.

ಇನ್ನು ಮಾತು ನೆನಪಿಡುವ ವಿಷಯ. ಸ್ಕ್ರಿಪ್ಟನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ತಾಲೀಮಿಗೆ ಒಂದು ತಿಂಗಳು ಮೊದಲೇ ಕೊಡಿ. ಬ್ಲಾಕಿಂಗ್, ಅಂದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೀಬೇಕು ಅನ್ನೋದನ್ನ ಬೇಗ ಮುಗಿಸಿ, ಆಮೇಲೆ ಬದಲಾಯಿಸಬೇಡಿ. ಯಾವ ಮಾತಿಗೆ ಎಲ್ಲಿ ನಿಂತಿದ್ದೆ ಅನ್ನೋದರ ಜೊತೆಗೇ ಮಾತು ನೆನಪಿನಲ್ಲಿ ಕೂತಿರುತ್ತದೆ.

ಜಗಳದ ನಾಟಕಗಳಲ್ಲಿ ಒಂದು ಅಪಾಯವಿದೆ. ಒಂದೇ ಕ್ಯೂ, ಅಂದರೆ ಎದುರಿನವರು ತಮ್ಮ ಮಾತು ಎತ್ತೋಕೆ ಸೂಚನೆಯಾಗುವ ಮಾತು, ಎರಡು ಕಡೆ ಬರುತ್ತದೆ. ನಮ್ಮಲ್ಲಿ "ನೀನು ಯಾವತ್ತೂ ಹೀಗೇ" ಅನ್ನೋ ಮಾತು 9ನೇ ಪುಟದಲ್ಲೂ ಇತ್ತು, 31ರಲ್ಲೂ ಇತ್ತು. ನಾಟಕವನ್ನು ನಿಲ್ಲಿಸದೆ ಪೂರ್ತಿ ಓಡಿಸುವ ಒಂದು ರನ್ ಥ್ರೂನಲ್ಲಿ ಇಬ್ಬರೂ 9ರಿಂದ ನೇರ 31ಕ್ಕೆ ಹಾರಿದರು! ಇಂಥ ಜಾಗಗಳನ್ನೆಲ್ಲ ಮೊದಲೇ ಗುರುತು ಹಾಕಿಕೊಳ್ಳಿ. ಆ ಮಾತನ್ನು ಒಂದು ಕಡೆ ಕೂತು, ಇನ್ನೊಂದು ಕಡೆ ಕೋಟು ಹಾಕಿಕೊಳ್ತಾ ಹೇಳಿಸಿ. ಆಮೇಲೆ ನಮ್ಮಲ್ಲಿ ಆ ತಪ್ಪು ಆಗಲಿಲ್ಲ.

ಮಾತು ಮರೆತಾಗ ಮರೆಯಿಂದ ನೆನಪಿಸುವ ಪ್ರಾಂಪ್ಟರ್ ಮೊದಲ ದಿನದಿಂದ ಕೊನೆಯ ತನಕ ಒಬ್ಬರೇ ಇರಲಿ. ಬೇಕಂತಲೇ ಸುಮ್ಮನಾಗಿರೋದು ಯಾವುದು, ಮರೆತು ನಿಂತಿರೋದು ಯಾವುದು ಅಂತ ಅವರಿಗೆ ಗೊತ್ತಿರಬೇಕು. ತಪ್ಪು ಜಾಗದಲ್ಲಿ ಪ್ರಾಂಪ್ಟ್ ಕೊಟ್ಟರೆ ಟೈಮಿಂಗ್ ಪೂರ್ತಿ ಕೆಡುತ್ತದೆ.

ನಗುವಿನ ವಿಷಯದಲ್ಲಿ ಅವರಿಗೆ ನಾವು ಕಲಿಸೋದು ಕಡಿಮೆ. ನಗು ಏರಿ ಇಳಿಯೋಕೆ ಶುರುವಾದಾಗ ಮುಂದಿನ ಮಾತು ಎತ್ತಬೇಕು ಅನ್ನೋದು ಅವರ ಮೈಯಲ್ಲೇ ಇದೆ. ಆದರೆ ವಯಸ್ಸಾದಂತೆ ಕಿವಿಗೆ ಮೊದಲು ಮಂದವಾಗೋದು ಎತ್ತರದ ಶ್ರುತಿಯ ಸದ್ದುಗಳು. ಸ, ಶ, ತ ಥರದ ಸದ್ದು ಪ್ರೇಕ್ಷಕರ ನಗುವಿನಲ್ಲಿ ಮುಳುಗಿ ಹೋಗುತ್ತದೆ. ಅದಕ್ಕೇ ಮುಖ್ಯ ಕ್ಯೂಗಳಿಗೆ ಕಣ್ಣಿಗೆ ಕಾಣುವ ಒಂದು ಗುರುತು ಸೇರಿಸಿ. ಕನ್ನಡಕ ತೆಗೆದರೆ ಸಾಕು.

ದೀಪವೆಲ್ಲ ಆರಿಸಿದ ಬ್ಲ್ಯಾಕೌಟ್‌ನಲ್ಲಿ ಅವರನ್ನು ನಡೆಸಲೇಬೇಡಿ. ಕತ್ತಲೆಗೆ ಅವರ ಕಣ್ಣು ಹೊಂದಿಕೊಳ್ಳೋದು ತಡ. ಮಂದ ನೀಲಿ ಲೈಟ್ ಇಟ್ಟುಕೊಳ್ಳಿ, ಮೆಟ್ಟಿಲ ಅಂಚಿಗೆ ಬಿಳಿ ಟೇಪ್ ಅಂಟಿಸಿ. ಕುರ್ಚಿಗೆ ಕೈ ಇರಲಿ, ಎತ್ತರ ಸ್ವಲ್ಪ ಜಾಸ್ತಿ ಇರಲಿ. ತಾಲೀಮು ಬೆಳಗ್ಗೆ ಎರಡೂವರೆ ಗಂಟೆ ಸಾಕು. ತಿದ್ದುವ ಮಾತು ಇದ್ದರೆ ಒಬ್ಬೊಬ್ಬರಿಗೇ ಹೇಳಿ, ತಂಡದ ಹುಡುಗರ ಎದುರು ಬೇಡ.

ಕೊನೆಯ ನಮಸ್ಕಾರಕ್ಕೂ ತಾಲೀಮು ಬೇಕು. ಯಾರು ಮೊದಲು ಬರಬೇಕು ಅನ್ನೋ ಪ್ರಶ್ನೆ ಖಂಡಿತ ಬರುತ್ತದೆ. ನಾವು ಇಬ್ಬರನ್ನೂ ಎರಡು ಕಡೆಯಿಂದ ಒಟ್ಟಿಗೆ ಕರೆಸಿದೆವು. ಮಧ್ಯದಲ್ಲಿ ಕೈ ಹಿಡಿದು ಬಗ್ಗಿದರು. ಏಳುವಾಗ ದೊಡ್ಡವರು ಆ ಕೈಯನ್ನೇ ಊರಿಕೊಂಡು ಎದ್ದರು.